ಉಪ್ಪು ಯಾವುದರಲ್ಲಿ ಬಂತು

ನಮ್ಮ ಕಡೆ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಹುಟ್ಟುತ್ತದೆ ಅನ್ನುವ ನಂಬಿಕೆ. ಕೇಳಲು ಬಂದ ನೆರೆಮನೆಯವರು ಬಟ್ಟಲನ್ನೋ, ತೆಂಗಿನ ಚಿಪ್ಪನ್ನೋ, ಏನೂ ಸಿಗದಿದ್ದರೆ ಒಂದು ಮುತ್ತುಗದ ಎಲೆಯನ್ನೋ ಹಿಡಿದೇ ಬರಬೇಕು. ದೀಪ ಹಚ್ಚಿದ ಮೇಲೆ ಅದೂ ನಡೆಯದು. ಮೂರು ತಲೆಮಾರು ಕನಕಪುರದಲ್ಲಿ ಉಪ್ಪು, ಮೆಣಸಿನಕಾಯಿ, ಹುಣಸೆಹಣ್ಣು ಮಾರಿದ ಮನೆಯವನು ನಾನು. ಈ ನಂಬಿಕೆ ಹುಟ್ಟಿಸಿದವನು ಯಾರೋ ಬುಟ್ಟಿ ಮಾರುವವನೇ ಇರಬೇಕು ಎಂದು ನಮ್ಮ ತಾತ ನಗುತ್ತಿದ್ದರು. ನಗೆಯ ಮಾತಾದರೂ ಅದರಲ್ಲಿ ವ್ಯಾಪಾರಿಯ ತಿಳಿವಳಿಕೆ ಇತ್ತು. ರಾಗಿಯನ್ನು ನೆಲದ ಮೇಲೆ ರಾಶಿ ಹಾಕಬಹುದು, ಹುಣಸೆಹಣ್ಣನ್ನು ಉಂಡೆ ಕಟ್ಟಬಹುದು. ಉಪ್ಪು ಮಾತ್ರ ಏನಾದರೊಂದರ ಒಳಗೇ ಇರಬೇಕು. ಆ ‘ಏನಾದರೊಂದು’ ಯಾವುದು, ಅದನ್ನು ಮಾಡಿದವರು ಯಾರು ಅನ್ನುವುದನ್ನು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಹುಡುಕಿದರೆ ಬಹಳ ಸಿಗುವುದಿಲ್ಲ. ಉಪ್ಪಿನ ಸುಂಕ ಸಿಗುತ್ತದೆ, ಉಪ್ಪಿನ ಸತ್ಯಾಗ್ರಹ ಸಿಗುತ್ತದೆ. ಉಪ್ಪಿನ ಬುಟ್ಟಿ ಸಿಗುವುದಿಲ್ಲ.

ಅದಕ್ಕೇ ನಾನು ಬುಟ್ಟಿಯ ಕಡೆಯಿಂದ ಬರೆಯುತ್ತಿದ್ದೇನೆ. ಜಾಗ ಇಷ್ಟೇ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಈ ನಾಲ್ಕೂ ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ತಾತನಿಗೆ ಕನಕಪುರ ಕೊನೆಯವರೆಗೂ ಕಾನಕಾನಹಳ್ಳಿ, ರಾಮನಗರ ಕ್ಲೋಸ್‌ಪೇಟೆ. ಹೆಸರು ಎಷ್ಟು ಸಲ ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ರೈಲುಂಟು. ಕನಕಪುರಕ್ಕೂ ಮಾಗಡಿಗೂ ಇವತ್ತಿಗೂ ಇಲ್ಲ. ಬುಟ್ಟಿಯ ಕಥೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೊದಲು ಉಪ್ಪಿನ ಗುಣ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದೆ ಪಾತ್ರೆಯ ವಿಷಯ ಅರ್ಥವಾಗುವುದಿಲ್ಲ. ಈಗ ಕವರಿನಲ್ಲಿ ಬರುವ ಪುಡಿಯುಪ್ಪು ನೋಡಿ ಬೆಳೆದವರಿಗೆ ಕಲ್ಲುಪ್ಪಿನ ಸ್ವಭಾವ ತಿಳಿಯದು. ಸಮುದ್ರದ ಉಪ್ಪಿನ ಹರಳಿನ ಜೊತೆ ಮೆಗ್ನೀಸಿಯಂ ಲವಣವೂ ಅಂಟಿಕೊಂಡಿರುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುವುದು ಮುಖ್ಯವಾಗಿ ಅದೇ, ನಾಲಿಗೆಗೆ ಒಂದು ಎಳೆ ಕಹಿ ತಾಗಿಸುವುದೂ ಅದೇ. ಆಷಾಢದ ಗಾಳಿ ಬೀಸಿದರೆ ಉಪ್ಪಿನ ರಾಶಿ ಬೆವರಿ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರು ಹರಿದುಹೋಗದಿದ್ದರೆ ತಳದ ಉಪ್ಪೆಲ್ಲ ಕರಗಿ ವ್ಯಾಪಾರಿಗೆ ನಷ್ಟ. ತಗಡಿನ ಡಬ್ಬದಲ್ಲಿಟ್ಟರೆ ತುಕ್ಕು ತಿನ್ನುತ್ತದೆ. ಮಣ್ಣಿನ ಮಡಕೆಯಲ್ಲಿಟ್ಟರೆ ಉಪ್ಪುನೀರು ಮಡಕೆಯ ಮೈಯೊಳಗೇ ಇಳಿದು, ಹೊರಗೆ ಬಂದು ಒಣಗಿ, ಹೊಟ್ಟು ಎದ್ದಂತೆ ಪದರ ಪದರವಾಗಿ ಮಡಕೆ ಉದುರುತ್ತದೆ. ಉಳಿದದ್ದು ಬಿದಿರು. ಹರಳು ದಪ್ಪ, ಸೋರುವುದಿಲ್ಲ. ನೀರು ತೆಳು, ಸೋರಿಹೋಗುತ್ತದೆ. ಉಪ್ಪು ಉಸಿರಾಡಬೇಕು ಕಣಪ್ಪ ಎಂದು ನಮ್ಮ ಅಂಗಡಿಗೆ ಬುಟ್ಟಿ ಹಾಕುತ್ತಿದ್ದ ಮೇದರ ಅಜ್ಜಿ ಹೇಳುತ್ತಿತ್ತು. ಆಯಮ್ಮ ಉಪ್ಪಿನ ಬುಟ್ಟಿಯನ್ನು ಒಂದು ಚೂರು ಸಡಿಲವಾಗಿ, ತಳ ಎತ್ತರಿಸಿ ಹೆಣೆಯುತ್ತಿತ್ತು. ಕಾರದಪುಡಿಗೆ ಮಾಡಿದ ಬುಟ್ಟಿಯ ರೀತಿಯೇ ಬೇರೆ. ಅದನ್ನು ಬಿಗಿಯಾಗಿ ಹೆಣೆದು, ಮೆಂತ್ಯ ನೆನೆಸಿ ರುಬ್ಬಿ, ಹಳೇ ಕಾಗದದ ಜೊತೆ ಕಲಸಿ ಒಳಗೂ ಹೊರಗೂ ಮೆತ್ತಿ ಒಣಗಿಸಬೇಕು. ಒಂದು ಕಣವೂ ಉದುರದು, ಮೆಂತ್ಯದ ಕಹಿಗೆ ಹುಳವೂ ಹತ್ತಿರ ಬಾರದು. ಉಪ್ಪಿನ ಬುಟ್ಟಿಗೆ ಮೆಂತ್ಯ ಮೆತ್ತಿದರೆ ಮಳೆಗಾಲಕ್ಕೆ ಅದು ಅಂಬಲಿಯಾಗುತ್ತದೆ.

ಅಂದರೆ ಪಾತ್ರೆಯನ್ನು ಆರಿಸುತ್ತಿದ್ದದ್ದು ಪದಾರ್ಥ. ಇವತ್ತು ಕರಕುಶಲ ಮೇಳಗಳಲ್ಲಿ ‘ಪರಂಪರೆಯ ಬುಟ್ಟಿ’ ಎಂದು ಫಲಕ ಹಾಕಿ ಮಾರುವವರಿಗೆ ಇದು ಮರೆತುಹೋಗಿದೆ. ಬುಟ್ಟಿಗೆ ಸ್ವಂತದ ಪರಂಪರೆ ಅನ್ನುವುದು ಇರಲಿಲ್ಲ, ತುಂಬುವ ಸರಕಿನ ಪರಂಪರೆಯೇ ಅದರದೂ ಆಗಿತ್ತು. ಸರಕು ಬದಲಾದಾಗ ಬುಟ್ಟಿಯೂ ಬದಲಾಯಿತು, ಇಲ್ಲವೇ ಸತ್ತುಹೋಯಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದು ಹೇಗೆ ನಡೆಯಿತು ಅನ್ನುವುದೇ ನಾನು ಹೇಳಹೊರಟಿರುವುದು.

ಹಳೆಯ ಕಾಲದಲ್ಲಿ ಇಲ್ಲಿಗೆ ಉಪ್ಪು ಎರಡು ದಾರಿಯಿಂದ ಬರುತ್ತಿತ್ತು. ಒಂದು ನೆಲದ ಉಪ್ಪು. ಬೇಸಿಗೆಯಲ್ಲಿ ಚೌಳು ಮಣ್ಣಿನ ಮೇಲೆ ಬೆಳ್ಳಗೆ ಏಳುವ ಪದರವನ್ನು ಕೆರೆದು, ಮಣ್ಣಿನ ತೊಟ್ಟಿಗೆ ತುಂಬಿ ನೀರು ಹುಯ್ದು, ಕೆಳಗಿಳಿದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ತೆಗೆಯುವುದು ಉಪ್ಪಾರರ ಕಸುಬು. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯುವವರೆಲ್ಲ ತುಳಿಯುವ ಉಪ್ಪಾರಪೇಟೆ ಅವರ ಹೆಸರಿನದೇ. ಈ ಉಪ್ಪು ಮಸುಕು ಬಣ್ಣದ್ದು, ಬಡವರ ಮನೆಗೂ ದನಗಳಿಗೂ ಆಗುತ್ತಿತ್ತು. ಇನ್ನೊಂದು ಕರಾವಳಿಯ ಉಪ್ಪು. ಅದು ಘಟ್ಟ ಹತ್ತಿ ಬರಬೇಕು. ಲಂಬಾಣಿಗರು ಎತ್ತಿನ ಮೇಲೆ, ಕೊರಚರು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ತರುತ್ತಿದ್ದರು. ಎತ್ತಿನ ಬೆನ್ನಿನ ಎರಡೂ ಕಡೆ ಇಳಿಬೀಳುವ ಜೋಡಿ ಚೀಲಕ್ಕೆ ಕಂಟಲೆ ಎನ್ನುತ್ತಾರೆ. ಅದಕ್ಕೆ ಬೇಕಾದ ಗೋಣಿಬಟ್ಟೆಯನ್ನು ಜನಪ ಎಂಬ ಗಿಡದ ನಾರಿನಿಂದ ನೇಯುವ ಗೋಣಿಗರು ಬೆಂಗಳೂರಿನಲ್ಲಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಈ ಗೋಣಿಗರ ಕೆಲಸವನ್ನು ಗುರುತು ಹಾಕಿಕೊಂಡಿದ್ದಾನೆ. ಈ ಹೇರೆತ್ತುಗಳ ಜನ ಎಂಥವರೆಂದರೆ, 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಅನ್ನ ಮುಟ್ಟಿಸಿದವರು ಬಂಜಾರರೇ.

ಹೇರೆತ್ತು ಸಂತೆಯವರೆಗೆ ಬರುತ್ತಿತ್ತು. ಸಂತೆಯಿಂದ ಮುಂದೆ ಕನಕಪುರದ ದಕ್ಷಿಣಕ್ಕೆ, ಮುಗ್ಗೂರು, ಸಂಗಮದ ಕಾಡಿನ ಕಡೆ ದೊಡ್ಡಿಗಳಿದ್ದವು. ದನ ಕಟ್ಟಲು ಹಾಕಿದ ದೊಡ್ಡಿಗಳೇ ಆಮೇಲೆ ಊರುಗಳಾದವು. ಇವತ್ತಿಗೂ ನಮ್ಮ ತಾಲ್ಲೂಕಿನ ಊರುಗಳ ಪಟ್ಟಿ ತೆಗೆದರೆ ‘ದೊಡ್ಡಿ’ಯಲ್ಲಿ ಮುಗಿಯುವ ಹೆಸರಿಗೆ ಲೆಕ್ಕವಿಲ್ಲ. ಆ ದೊಡ್ಡಿಗಳಿಗೆ ಉಪ್ಪು ಮೂಟೆಯಲ್ಲಿ ಹೋಗುತ್ತಿರಲಿಲ್ಲ, ಪಾವು ಅಚ್ಚೇರಿನ ಲೆಕ್ಕದಲ್ಲಿ ಹೋಗುತ್ತಿತ್ತು. ನನ್ನ ಪ್ರಕಾರ ನಮ್ಮ ಸೀಮೆಯ ಅಸಲು ಉಪ್ಪಿನ ಪಾತ್ರೆಗಳು ಹುಟ್ಟಿದ್ದು ಈ ಕೊನೆಯ ಹಾದಿಯಲ್ಲಿ. ದೊಡ್ಡ ವ್ಯಾಪಾರಕ್ಕೆ ಒಂದೇ ಥರದ ಚೀಲ ಸಾಕು. ಒಬ್ಬ ಮನುಷ್ಯ ಹೆಗಲ ಮೇಲೆ ಹಾಕಿಕೊಂಡು ಕಾಡು ದಾಟುವಾಗ ಅವನಿಗೆ ಸಿಕ್ಕಿದ್ದೆಲ್ಲ ಪಾತ್ರೆ.

ಸೋರೆಬುರುಡೆ ಅದರಲ್ಲಿ ಮೊದಲನೆಯದು. ಬಲಿತ ಸೋರೆಕಾಯನ್ನು ಒಣಗಿಸಿ, ಬೀಜ ಅಲ್ಲಾಡಿಸಿ ತೆಗೆದರೆ ಆಯಿತು, ಕಾಸಿಲ್ಲ ಕಸುಬಿಲ್ಲ. ಎರಡನೆಯದು ಬಿದಿರಿನ ಅಂಡೆ. ಹೆಬ್ಬಿದಿರಿನ ಒಂದು ಗಿಣ್ಣನ್ನು ತಳವಾಗಿ ಬಿಟ್ಟು ಮೇಲೆ ಕೊಯ್ದು, ಬಾಯಿಗೆ ಬಟ್ಟೆಯನ್ನೋ ಜೋಳದ ದಿಂಡನ್ನೋ ತುರುಕಿದರೆ ಉಪ್ಪು, ಮೆಣಸು, ಜೇನು ಯಾವುದಕ್ಕಾದರೂ ಆಗುತ್ತದೆ. ಅದೇ ಕೊಳವೆಯ ಬಾಯಿಯನ್ನು ಓರೆಯಾಗಿ ಕೊಯ್ದರೆ ಗೊಟ್ಟ. ದನಕ್ಕೆ ಹೊಟ್ಟೆಯುಬ್ಬರವಾದಾಗ ನಾಲಿಗೆ ಪಕ್ಕಕ್ಕೆಳೆದು, ಗೊಟ್ಟದಲ್ಲಿ ಕಷಾಯ ಹುಯ್ಯುತ್ತಾರೆ. ಸಾವನದುರ್ಗದ ಸುತ್ತ, ಮಾಗಡಿ, ಕನಕಪುರದ ಬೆಟ್ಟಗಳಲ್ಲಿ ಇರುಳಿಗರಿದ್ದಾರೆ. ಜೇನು, ಗೆಡ್ಡೆ ಗೆಣಸು ಹುಡುಕಿ ತಂದು ಸಂತೆಯಲ್ಲಿ ಕೊಟ್ಟು, ಬದಲಿಗೆ ಉಪ್ಪು ಮೆಣಸಿನಕಾಯಿ ಒಯ್ಯುತ್ತಿದ್ದರು. ಜೇನು ತಂದ ಅಂಡೆಯಲ್ಲೇ ಉಪ್ಪು ತುಂಬಿಸಿಕೊಂಡು ಹೋಗುತ್ತಿದ್ದರಂತೆ, ತೊಳೆಯದೇ. ಸಿಹಿ ಹತ್ತಿದ ಉಪ್ಪಿನ ರುಚಿ ಹೇಗಿರುತ್ತದೆ ಎಂದು ತಾತ ಕೇಳಿದ್ದಕ್ಕೆ, ‘ನಿಮ್ಮ ಅಂಗಡೀಲಿ ಸಿಗಲ್ಲ ಬಿಡಿ’ ಎಂದನಂತೆ ಒಬ್ಬ.

ಮೂರನೆಯದು ಕೊಂಬು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಳ್ಳಿಕಾರ್ ಎತ್ತು ನಮ್ಮ ಸೀಮೆಯದು. ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗಿ ಸೂಜಿಯಂತೆ ಮುಗಿಯುವ ಅದರ ಕೊಂಬನ್ನು ಕೆಂಗಲ್ ಹನುಮಂತರಾಯನ ಜಾತ್ರೆಯಲ್ಲೋ ಮಾಗಡಿ ರಂಗನಾಥನ ಜಾತ್ರೆಯಲ್ಲೋ ನೋಡಿದವರಿಗೆ ವರ್ಣಿಸಬೇಕಾಗಿಲ್ಲ. ಬದುಕಿರುವಾಗ ಆ ಕೊಂಬಿಗೆ ಎಣ್ಣೆ, ಬಣ್ಣ, ತುದಿಗೆ ಹಿತ್ತಾಳೆಯ ಅಣಸು. ಎತ್ತು ಸತ್ತಮೇಲೆ ಕೊಂಬು ಯಾರ ಕೈಗೆ ಹೋಗುತ್ತಿತ್ತು ಅನ್ನುವುದನ್ನು ಜಾತ್ರೆಯ ಮಾತಾಡುವವರು ಹೇಳುವುದಿಲ್ಲ. ಸತ್ತ ದನ ಎಳೆಯುವ ಕೆಲಸ ಊರು ಯಾರ ತಲೆಗೆ ಕಟ್ಟಿತ್ತೋ, ಆ ಮಾದಿಗರ ಕೇರಿಗೆ. ಕೊಂಬಿನ ಒಳಗೊಂದು ಮೂಳೆಯ ತಿರುಳಿರುತ್ತದೆ. ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿದರೆ ತಿರುಳು ಸಡಿಲವಾಗಿ ಹೊರಗಿನ ಕವಚ ಕಳಚಿಬರುತ್ತದೆ. ವಾಸನೆಯ ಕೆಲಸ ಅದು. ಕವಚವನ್ನು ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆಗ ತಿದ್ದಬಹುದು. ಅಗಲದ ಬುಡಕ್ಕೆ ಮರದ ಬಿಲ್ಲೆ ಕೂರಿಸಿ, ತುದಿಯನ್ನು ಕೊಯ್ದು ತೂತು ಮಾಡಿ ಬೆಣೆ ಹಾಕಿದರೆ ಪಾತ್ರೆ ತಯಾರು. ಕೊಂಬು ನೀರು ಬಿಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಲೋಹವಲ್ಲದ್ದರಿಂದ ಕಿಡಿಯೂ ಹಾರುವುದಿಲ್ಲ. ಹಾಗಾಗಿ ಅದರ ದೊಡ್ಡ ಉಪಯೋಗ ಬಂದೂಕಿನ ಮದ್ದಿಗೇ ಆಗಿತ್ತು. ಪ್ರಪಂಚದಲ್ಲೆಲ್ಲ ಹಾಗೆಯೇ, ಇಲ್ಲೂ ಹಾಗೆಯೇ. ಕಾಡಂಚಿನ ಊರುಗಳಲ್ಲಿ ನಾಡಬಂದೂಕಿದ್ದವರ ಮನೆಯಲ್ಲಿ ಕೊಂಬೂ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಪರಾಧವಾಯಿತು, ಬಂದೂಕು ಅಟ್ಟ ಸೇರಿತು.

ನಮ್ಮ ಮನೆಯಲ್ಲೂ ಒಂದು ಕೊಂಬಿದೆ. ಬಾಕಿ ತೀರಿಸಲಾಗದ ದೊಡ್ಡಿಯ ಗಿರಾಕಿಯೊಬ್ಬ ತಾತನ ಕಾಲದಲ್ಲಿ ಒತ್ತೆಯಿಟ್ಟು ಹೋದದ್ದು, ಬಿಡಿಸಿಕೊಳ್ಳಲು ಬರಲಿಲ್ಲ. ಮದ್ದಿನ ಕೊಂಬಲ್ಲ, ದನ ಮೇಯಿಸುವವನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಉಪ್ಪಿನ ಕೊಂಬು. ಅರ್ಧ ಸೇರಿಗೂ ಕಡಿಮೆ ಹಿಡಿಯುತ್ತದೆ. ಗುಂಪಿನಿಂದ ಅಗಲಿದ ದನಕ್ಕೆ ಅಂಗೈಯಲ್ಲಿ ಉಪ್ಪು ತೋರಿಸಿದರೆ ಓಡಿಬರುತ್ತದೆ, ಅದಕ್ಕೆ. ನಮ್ಮ ಅಜ್ಜಿ ಅದನ್ನು ಅಡುಗೆಮನೆಯ ಹೊಸಿಲು ದಾಟಿಸಲಿಲ್ಲ. ಯಾರು ಮುಟ್ಟಿದ್ದು, ಯಾತರದ್ದು ಎಂದು ಮೂಗು ಮುರಿದರು. ಅದೇ ಕೈಗಳು ಕೊಟ್ಟ ದುಡ್ಡು ಗಲ್ಲಾಪೆಟ್ಟಿಗೆಗೆ ಬೀಳುವಾಗ ಯಾರ ಮೂಗೂ ಮುರಿಯಲಿಲ್ಲ ಅನ್ನುವುದನ್ನೂ ಇಲ್ಲೇ ಬರೆದಿಡುತ್ತೇನೆ. ಕೊಂಬಿನ ಪಾತ್ರೆ ನಮ್ಮ ಕಡೆ ಮನೆಯೊಳಗಿನ ವಸ್ತುವಾಗಿ ಬೆಳೆಯದೇ ಹೋದದ್ದಕ್ಕೆ ಕಾರಣ ಕಸುಬಿನ ಕೊರತೆಯಲ್ಲ, ಈ ಹೊಸಿಲು.

ಆ ಕೊಂಬಿನ ಬೆಣೆ ಮಾತ್ರ ಚನ್ನಪಟ್ಟಣದ್ದು. ಕೆಂಪು ಅರಗು ಹಾಕಿ ಕಡೆದದ್ದು, ಇವತ್ತಿಗೂ ಹೊಳಪಿದೆ.

ಚನ್ನಪಟ್ಟಣ ಎಂದರೆ ಈಗ ಎಲ್ಲರಿಗೂ ಗೊಂಬೆ. ಬುಕಾನನ್ ಅಲ್ಲಿ ಹಾದುಹೋದಾಗ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಬಳೆ, ನಯವಾದ ಸಕ್ಕರೆ, ಮತ್ತೆ ವೀಣೆ ಮುಂತಾದ ವಾದ್ಯಗಳಿಗೆ ದೂರದ ಊರುಗಳಿಗೂ ಹೋಗುತ್ತಿದ್ದ ಉಕ್ಕಿನ ತಂತಿ. ಅದೇ ಶತಮಾನದ ಕೊನೆಯಲ್ಲಿ ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಬರುವ ಹೊತ್ತಿಗೆ ಶುಕ್ರವಾರಪೇಟೆಯ ಅರಗಿನ ಸಾಮಾನು, ಆಟಿಕೆ ಹೆಸರಾಗಿದ್ದವು. ಪಶ್ಚಿಮ ಕರಾವಳಿಯ ಜೊತೆ ವ್ಯಾಪಾರ ಮಾಡುವ ಲಬ್ಬೆ, ದಾಯಿರಾ ಮುಸಲ್ಮಾನರು ಆ ಊರಿನಲ್ಲಿ ಬಹಳ ಇದ್ದಾರೆ ಎಂದೂ ರೈಸ್ ಬರೆದಿದ್ದಾರೆ. ಟಿಪ್ಪು ಪರ್ಷಿಯಾದಿಂದ ಕುಶಲಿಗರನ್ನು ಕರೆಸಿದ ಎಂದು ಊರಿನವರು ಹೇಳುತ್ತಾರೆ. ಬಾವಾಸ್ ಮಿಯಾ ಎಂಬವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಕರೆಯುತ್ತಾರೆ, ಜಪಾನಿನ ರೀತಿಯ ಕಡೆಯುವ ಕೆಲಸ ತಂದವರು ಅವರಂತೆ. ಆದರೆ ಗೊಂಬೆಯ ಹಿಂದೆ, ಗೊಂಬೆಗಿಂತ ಹೆಚ್ಚು ಮನೆಗಳಿಗೆ ಹೋದದ್ದು ಡಬ್ಬಿಗಳು: ಕುಂಕುಮದ ಭರಣಿ, ಸುಣ್ಣದ ಡಬ್ಬಿ, ಏಲಕ್ಕಿ ಲವಂಗ ಇಡುವ ಸಣ್ಣ ಮುಚ್ಚಳದ ಬಟ್ಟಲು. ಮಗುವಿಗೆ ಗೊಂಬೆ ಕೊಡಿಸದ ಮನೆ ಇತ್ತು. ಕುಂಕುಮದ ಭರಣಿ ಇಲ್ಲದ ಮನೆ ಇರಲಿಲ್ಲ.

ಮರ ಆಲೆ ಮರ. ಬೆಳ್ಳಗೆ, ಮೆತ್ತಗೆ, ಎಳೆ ಕಾಣದಷ್ಟು ನಯ. ಕಡಿದ ತುಂಡನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಮೊದಲು ಬಿಲ್ಲಿಗೆ ಹಗ್ಗ ಸುತ್ತಿ ಹಿಂದೆಮುಂದೆ ಎಳೆದು ತಿರುಗಿಸುತ್ತಿದ್ದರು, ಈಗ ಕರೆಂಟು ಲೇತು. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಕೇದಗೆಯ ಒಣ ಗರಿ ಒತ್ತಿದರೆ ಹೊಳಪು. ಡಬ್ಬಿಯ ಕೆಲಸದ ಕಷ್ಟ ಬಣ್ಣದಲ್ಲಿಲ್ಲ, ಮುಚ್ಚಳದಲ್ಲಿದೆ. ಒಡಲನ್ನೂ ಮುಚ್ಚಳವನ್ನೂ ಒಂದರೊಳಗೊಂದು ಕೂರಿಸಿ, ಕೂಡಿಸಿಯೇ ಲೇತಿನ ಮೇಲೆ ತಿರುಗಿಸಿ ಅರಗು ಹಾಕಿದರೆ ಸಂದು ಕಣ್ಣಿಗೆ ಕಾಣದು. ಕೈಗೆ ಮಾತ್ರ ಗೊತ್ತಾಗಬೇಕು.

ಒಣ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಪಾತ್ರೆಯಿಲ್ಲ. ಏಲಕ್ಕಿಯ ಪರಿಮಳ ವರ್ಷ ಹಿಡಿದಿಡುತ್ತದೆ. ಉಪ್ಪಿಗೆ ಮಾತ್ರ ಆಗದು. ಅರಗು ಹೊರಗಡೆ ಇರುತ್ತದೆ, ಒಳಗೆ ಬರಿ ಮರ. ಉಪ್ಪು ಎಳೆದ ತೇವವನ್ನು ಮರ ಕುಡಿದು ಊದಿಕೊಳ್ಳುತ್ತದೆ, ಮುಚ್ಚಳ ಕಚ್ಚಿಕೊಳ್ಳುತ್ತದೆ. ಚನ್ನಪಟ್ಟಣದವರು ಉಪ್ಪಿನ ತಂಟೆಗೆ ಹೋಗದೆ ಏಲಕ್ಕಿ, ಲವಂಗ, ಕುಂಕುಮದ ಕಡೆಗೆ ನಿಂತದ್ದು ಅದಕ್ಕೇ ಎಂದು ನನ್ನ ಲೆಕ್ಕ. ಉಪ್ಪು ಮೇದರದಾಯಿತು, ಸಾಂಬಾರ ಸಾಮಾನು ಚನ್ನಪಟ್ಟಣದ್ದಾಯಿತು. ಯಾರೂ ಕೂತು ಪಾಲು ಮಾಡಿದ್ದಲ್ಲ.

ಮೇದರ ವಿಷಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯ ಇದ್ದಾನೆ, ಬಿದಿರು ಸೀಳಿ ಬುಟ್ಟಿ ಮೊರ ಹೆಣೆಯುವುದು ಅವನ ಕಾಯಕ, ಗವರೇಶ್ವರ ಅವನ ಅಂಕಿತ. ಅಷ್ಟು ಹಳೆಯ ಕಸುಬಿನವರಿಗೆ ನಮ್ಮ ಪೇಟೆಗಳಲ್ಲಿ ಸಿಕ್ಕ ಜಾಗ ಊರಂಚಿನ ಒಂದು ಬೀದಿ. ಬಿದಿರು ಬರುತ್ತಿದ್ದದ್ದು ಸುತ್ತಲಿನ ಕಾಡಿನಿಂದ. ಆ ಕಾಡು ಎಂಥದಿತ್ತು ಅನ್ನುವುದಕ್ಕೆ ಸಾಕ್ಷಿ ಯುದ್ಧದ ದಾಖಲೆಗಳು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗ ಹಿಡಿಯುವ ಮುಂಚೆ ಬೆಟ್ಟದ ಸುತ್ತ ಮೈಲುಗಟ್ಟಲೆ ಹಬ್ಬಿದ ಬಿದಿರಮೆಳೆ, ಮುಳ್ಳುಪೊದೆಗಳ ನಡುವೆ ಫಿರಂಗಿಗೆ ದಾರಿ ಕಡಿಯಬೇಕಾಯಿತು. ಕೋಟೆಗಿಂತ ಕಾಡೇ ದೊಡ್ಡ ಗೋಡೆ. ಫಿರಂಗಿ ಎಳೆಯುವವರಿಗೆ ತೊಡಕಾದ ಅದೇ ಬಿದಿರು ಮಾಗಡಿಯ ಮೇದರಿಗೆ ಅನ್ನ.

ಹೆಬ್ಬಿದಿರು ಸುಮಾರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಒಟ್ಟಿಗೆ ಸಾಯುತ್ತದೆ. ಮೆಳೆ ಮತ್ತೆ ಬಲಿಯಲು ವರ್ಷಗಳೇ ಬೇಕು. ಆ ವರ್ಷಗಳಲ್ಲಿ ಮೇದರು ಕಿರುಬಿದಿರನ್ನು ಹಿಡಿದುಕೊಂಡು, ದೂರದ ಕಾಡಿಗೆ ಹೋಗಿ, ಹೇಗೋ ದಾಟುತ್ತಿದ್ದರು. ದಾಟಲಾಗದೇ ಹೋದದ್ದು ಕಾನೂನನ್ನು. ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತು, ಕಡ್ಡಿ ಕಡಿಯಲೂ ಪರ್ಮಿಟ್ಟು ಬೇಕಾಯಿತು. ರಾಜ್ಯದ ಬಿದಿರು ರಾಶಿರಾಶಿಯಾಗಿ ಭದ್ರಾವತಿ, ದಾಂಡೇಲಿಗಳ ಕಾಗದದ ಕಾರ್ಖಾನೆಗಳಿಗೆ ನಾಮಕಾವಸ್ತೆ ಬೆಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಮ್ಮ ಮೇದರ ಅಜ್ಜಿ ಎಂಟು ಗಳಕ್ಕೆ ಡಿಪೋದ ಮುಂದೆ ಅರ್ಧ ದಿನ ಕೂರುತ್ತಿತ್ತು. ಕೇಂದ್ರದ ಕಾಯ್ದೆ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಆ ಅಜ್ಜಿಯೂ ಇರಲಿಲ್ಲ, ಆಯಮ್ಮನ ಬೀದಿಯಲ್ಲಿ ಬಿದಿರು ಸೀಳುವವರು ಬೆರಳೆಣಿಕೆಯಷ್ಟು.

ಇದಕ್ಕೂ ಹಿಂದೆ ನಡೆದದ್ದು ಹೇಳಬೇಕು. ನಮ್ಮ ಉಪ್ಪಿನ ಪಾತ್ರೆಗಳ ಪಾಲಿಗೆ ದೊಡ್ಡ ವರ್ಷ 1881. ಆ ವರ್ಷ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರು. ಹಿಂದಿರುಗಿಸುವ ಪತ್ರದಲ್ಲೇ ಒಂದು ಷರತ್ತು ಇತ್ತು: ರಾಜ್ಯದಲ್ಲಿ ಉಪ್ಪು ತಯಾರಿಸುವುದನ್ನು ನಿಷೇಧಿಸುವ, ಮಿತಿಗೊಳಿಸುವ ವಿಷಯದಲ್ಲಿ ಗವರ್ನರ್ ಜನರಲ್ ಹೇಳಿದಂತೆ ಮಹಾರಾಜರು ನಡೆದುಕೊಳ್ಳಬೇಕು. ಚೌಳುಮಣ್ಣು ಕೆರೆಯುವ ಉಪ್ಪಾರನ ತೊಟ್ಟಿಯವರೆಗೂ ಕಲ್ಕತ್ತೆಯ ಕೈ ಚಾಚಿತು. ಅದೇ 1881ರಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ರೈಲು ಬಂತು. ಬರಗಾಲದ ಕಾಮಗಾರಿಯಾಗಿ ಹಾಕಿದ ಹಳಿ. ಮರುವರ್ಷ ಮೈಸೂರಿಗೂ ಮುಟ್ಟಿತು. ಮದರಾಸಿನ ಕಡೆಯ ಸಮುದ್ರದ ಉಪ್ಪು ವ್ಯಾಗನ್ನಿನಲ್ಲಿ, ಬಂಗಾಳದ ಸೆಣಬಿನ ಗೋಣಿಚೀಲದಲ್ಲಿ ಬಂದು ಇಳಿಯಿತು. ಒಂದೇ ಏಟಿಗೆ ನೆಲದ ಉಪ್ಪು, ಹೇರೆತ್ತು, ಕಂಟಲೆ, ಗೋಣಿಗರ ಜನಪ ನಾರಿನ ಚೀಲ ನಾಲ್ಕೂ ಹೋದವು. ಚನ್ನಪಟ್ಟಣ, ಕ್ಲೋಸ್‌ಪೇಟೆಗಳಲ್ಲಿ ಬಲು ಬೇಗ. ರೈಲಿಲ್ಲದ ಕಾನಕಾನಹಳ್ಳಿಗೆ, ಮಾಗಡಿಗೆ ಸ್ಟೇಷನ್ನಿನಿಂದ ಗಾಡಿಯಲ್ಲಿ ಬರಬೇಕಾಗಿತ್ತು, ಅಲ್ಲಿಂದ ದೊಡ್ಡಿಗಳಿಗೆ ತಲೆಹೊರೆ. ಆದ್ದರಿಂದ ಬುಟ್ಟಿ, ಅಂಡೆ, ಬುರುಡೆಗಳು ನಮ್ಮಲ್ಲಿ ಇನ್ನೂ ಎರಡು ತಲೆಮಾರು ಬದುಕಿದವು. ನಾನು ಅವನ್ನು ಕಣ್ಣಾರೆ ನೋಡಿದ್ದಕ್ಕೆ ಕಾರಣ ರೈಲು ಬರದೇ ಇದ್ದದ್ದು. ನಮ್ಮೂರಿಗೆ ರೈಲು ಬೇಕೆಂದು ಮನವಿ ಕೊಡುವವರ ಸಾಲಿನಲ್ಲಿ ನಾನೂ ನಿಂತಿದ್ದೇನೆ, ಅದು ಬೇರೆ ಮಾತು.

ಮೇದರು ಉಪ್ಪಿನ ಬುಟ್ಟಿಯ ಜೊತೆ ಮುಳುಗಲಿಲ್ಲ. ಅವರನ್ನು ರೇಷ್ಮೆ ಎತ್ತಿಕೊಂಡಿತು. ಟಿಪ್ಪು ಬಂಗಾಳದಿಂದ ಹುಳು ತರಿಸಿದ ಕಥೆ ಎಲ್ಲರಿಗೂ ಗೊತ್ತು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ಹಿಪ್ಪುನೇರಳೆ ಹಬ್ಬಿದ ಹಾಗೆಲ್ಲ ಹೊಸ ಸರಕಿಗೆ ಹೊಸ ಪಾತ್ರೆ ಬೇಕಾಯಿತು: ಹುಳು ಮೇಯಿಸುವ ದುಂಡು ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ. ನಮ್ಮ ರೈತರ ಬಾಯಲ್ಲಿ ಅದು ಚಂದ್ರಂಕಿ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರ ಚಾಪೆ, ಅದರ ಮೇಲೆ ಎರಡು ಬೆರಳು ಎತ್ತರದ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ ಹುಳುಗಳನ್ನು ಬಿಟ್ಟರೆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತವೆ. ಒಂದು ಚಂದ್ರಂಕಿಗೆ ಸುಮಾರು ಸಾವಿರ ಹುಳು. ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳು ಮೇಯಿಸುವ ರೈತನಿಗೆ ನಲವತ್ತಾದರೂ ಚಂದ್ರಂಕಿ ಬೇಕು, ಅದೂ ಒಂದೇ ದಿನ. ಎಲ್ಲರಿಗೂ ಕೊಳ್ಳುವ ಶಕ್ತಿ ಎಲ್ಲಿ? ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಗೋಡೆಗೆ ಒರಗಿಸಿದ ಚಂದ್ರಂಕಿಗಳ ಸಾಲು ನೋಡಿದರೆ ರಾಮನಗರ ಬಂತೆಂದು ತಿಳಿಯುತ್ತಿತ್ತು.

ಗಮನಿಸಬೇಕಾದದ್ದು ಇಷ್ಟು. ಗೂಡು ಕಟ್ಟುವ ಮುಂಚೆ ಹುಳು ಮೈಯಲ್ಲಿದ್ದ ನೀರನ್ನೆಲ್ಲ ಬಿಡುತ್ತದೆ. ಆ ತೇವ ಕೆಳಗೆ ಇಳಿದುಹೋಗಬೇಕು, ಗಾಳಿಯಾಡಬೇಕು, ಇಲ್ಲದಿದ್ದರೆ ಗೂಡು ಕೆಟ್ಟು ನೂಲು ಬಿಚ್ಚುವುದಿಲ್ಲ. ಉಪ್ಪಿನ ಬುಟ್ಟಿಗೆ ಬೇಕಾಗಿದ್ದ ಗುಣವೇ ಚಂದ್ರಂಕಿಗೂ ಬೇಕಾಯಿತು. ಮೇದರ ಕೈಗೆ ಹೊಸ ಪಾಠ ಏನೂ ಬೇಕಾಗಲಿಲ್ಲ. ಮೇದರ ಅಜ್ಜಿಯ ಗಂಡುಮಕ್ಕಳು ನಮ್ಮ ಅಂಗಡಿಗೆ ಬುಟ್ಟಿ ಹಾಕುವುದನ್ನು ಬಿಟ್ಟು ಚಂದ್ರಂಕಿ ಕಟ್ಟಲು ಕೂತಾಗ ನಮ್ಮಪ್ಪನಿಗೆ ಸಿಟ್ಟು ಬಂದಿತ್ತು. ‘ಶೆಟ್ರೇ, ನಿಮ್ ಬುಟ್ಟಿ ಹತ್ ವರ್ಷ ಬಾಳ್ತದೆ. ಚಂದ್ರಂಕಿ ನಾಕೇ ವರ್ಷ’ ಎಂದರಂತೆ. ಬೇಗ ಹಾಳಾಗುವುದನ್ನು ಮಾಡುವವನ ಹೊಟ್ಟೆ ತುಂಬುತ್ತದೆ, ವ್ಯಾಪಾರದಲ್ಲಿ ಇದಕ್ಕೆ ಎದುರು ಮಾತಿಲ್ಲ.

ಆಮೇಲೆ ಪ್ಲಾಸ್ಟಿಕ್ಕು. ಚಂದ್ರಂಕಿಯ ಬದಲಿಗೆ ಮಡಚಿ ಇಡಬಹುದಾದ ಪ್ಲಾಸ್ಟಿಕ್ ನೇತ್ರಿಕೆಗಳು ಬಂದವು, ಹುಳುವನ್ನು ತಟ್ಟೆಯಲ್ಲಿ ಮೇಯಿಸುವುದು ಹೋಗಿ ಅಟ್ಟಣಿಗೆಯ ಮೇಲೆ ಕಡ್ಡಿಸಮೇತ ಸೊಪ್ಪು ಹಾಕುವ ಪದ್ಧತಿ ಬಂತು. ಬಿದಿರ ಚಂದ್ರಂಕಿ ಪೂರಾ ಹೋಗಿಲ್ಲ, ಪ್ಲಾಸ್ಟಿಕ್ಕು ತೇವ ಕುಡಿಯುವುದಿಲ್ಲವಲ್ಲ ಎಂದು ಗೊಣಗುವ ರೈತರು ಇನ್ನೂ ಇದ್ದಾರೆ. ಆದರೆ ಕಟ್ಟುವ ಕೈ ಕಡಿಮೆಯಾಗಿದೆ. ನಮ್ಮ ಅಂಗಡಿಯಲ್ಲಿ ಅದೇ ಕಾಲಕ್ಕೆ ಕವರಿನ ಉಪ್ಪು. ಟಾಟಾ ಉಪ್ಪು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಗಳಗಂಡ ತಡೆಯಲು ಅಯೋಡಿನ್ ಬೆರೆಸಬೇಕೆಂಬ ಸರ್ಕಾರದ ನಿಯಮವೂ ಬಿಗಿಯಾಯಿತು. ಅಯೋಡಿನ್ ತೇವಕ್ಕೆ, ಗಾಳಿಗೆ ಹಾರಿಹೋಗುತ್ತದೆ, ಹಾಗಾಗಿ ಮುಚ್ಚಿದ ಕವರೇ ಬೇಕು. ಉಪ್ಪು ಉಸಿರಾಡಬೇಕು ಎಂದಿದ್ದ ಅಜ್ಜಿಯ ಮಾತು ಅಲ್ಲಿಗೆ ತಲೆಕೆಳಗಾಯಿತು. ಅದನ್ನು ನಾನು ಕೇಡು ಎನ್ನಲಾರೆ, ಮಕ್ಕಳ ಆರೋಗ್ಯದ ಮುಂದೆ ಬುಟ್ಟಿ ದೊಡ್ಡದಲ್ಲ. ಮೊದಲು ಕಲ್ಲುಪ್ಪಿನ ಮೂಟೆ ರಾತ್ರಿಯೆಲ್ಲ ಅಂಗಡಿ ಜಗಲಿಯ ಮೇಲೇ ಇರುತ್ತಿತ್ತು, ಬೀಗವಿಲ್ಲ. ಉಪ್ಪು ಕದಿಯುವಷ್ಟು ಕೆಟ್ಟವನು ಯಾವ ಊರಲ್ಲೂ ಇರುವುದಿಲ್ಲ. ಕವರು ಬಂದಮೇಲೆ ಅದನ್ನೂ ಒಳಗಿಟ್ಟು ಬೀಗ ಹಾಕುತ್ತೇವೆ.

ಈ ಪಾತ್ರೆಗಳನ್ನು ಒಟ್ಟಿಗೆ ನೋಡಬೇಕಾದರೆ ರಾಮನಗರದ ಜಾನಪದ ಲೋಕಕ್ಕೆ ಹೋಗಬೇಕು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಹೆದ್ದಾರಿ ಪಕ್ಕ ಹದಿನೈದು ಎಕರೆಯಲ್ಲಿ ಅದನ್ನು ತೆರೆದರು. ಲೋಕಮಾತಾ ಮಂದಿರದಲ್ಲಿ ಅಡುಗೆಮನೆ, ಒಕ್ಕಲುತನದ ಸಾಮಾನುಗಳಿವೆ. ನೋಡುವಾಗ ನನಗೆ ಒಂದೇ ಕೊರತೆ ಕಾಣುವುದು: ಬುಟ್ಟಿಗಳು ಖಾಲಿ. ಒಂದು ಬೊಗಸೆ ಕಲ್ಲುಪ್ಪು ಹಾಕಿಟ್ಟಿದ್ದರೆ ತಳ ಯಾಕೆ ಎತ್ತರ, ಹೆಣಿಗೆ ಯಾಕೆ ಸಡಿಲ ಅನ್ನುವುದು ಮಳೆಗಾಲದಲ್ಲಿ ಬಂದ ಮಕ್ಕಳಿಗೆ ತಾನೇ ತಿಳಿಯುತ್ತಿತ್ತು.

ಮೇದರ ಬೀದಿಗೆ ಈಗ ವರ್ಷಕ್ಕೊಮ್ಮೆ ಜೀವ ಬರುವುದು ಗೌರಿ ಹಬ್ಬಕ್ಕೆ, ಬಾಗಿನದ ಮೊರಕ್ಕೆ. ಉಳಿದ ದಿನ ಮದುವೆ ಮಂಟಪದ ಅಲಂಕಾರ, ಹೂವಿನ ಬುಟ್ಟಿ, ಹೋಟೆಲಿನವರ ದೀಪದ ಬುರುಡೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಯ ಮುದ್ರೆ ಸಿಕ್ಕಿದೆ, ಹೊರದೇಶಕ್ಕೆ ಹೋಗುತ್ತದೆ. ಅಲ್ಲಿನ ಕಲಾನಗರದ ಕಡೆಯಿಂದ ಒಬ್ಬ ಹುಡುಗ ಮೊನ್ನೆ ನಮ್ಮ ಅಂಗಡಿಗೆ ಬಂದಿದ್ದ. ಬೆಂಗಳೂರಿನ ಯಾವುದೋ ಮಳಿಗೆಯವರು ಮರದ ಉಪ್ಪಿನ ಡಬ್ಬಿ ಕೇಳಿದ್ದಾರಂತೆ, ಅರಗು ಹಾಕಿದ್ದು, ಮೇಜಿನ ಮೇಲೆ ಇಡಲು. ಮಾದರಿಗೆ ಮಾಡಿ ತಂದಿದ್ದ. ಮುಚ್ಚಳ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಸಂದೇ ಕಾಣಲಿಲ್ಲ. ಕಾಣುವ ಹಾಗೆ ಮಾಡು ಎಂದೆ. ಮಾಘಮಾಸದಲ್ಲಿ ಇಷ್ಟು ಬಿಗಿ ಇದ್ದರೆ ಆಷಾಢದಲ್ಲಿ ಸುತ್ತಿಗೆ ಬೇಕಾಗುತ್ತದೆ. ಒಳಗೂ ಅರಗು ಹಾಕು, ತಳಕ್ಕೆ ಒಂದು ಬಿದಿರ ಬಿಲ್ಲೆ ಎತ್ತರಿಸಿ ಕೂರಿಸು, ನೀರು ಕೆಳಗಿಳಿಯಲಿ. ಅವನು ಬರೆದುಕೊಂಡ. ಬಿಲ್ಲೆ ಯಾರ ಹತ್ತಿರ ಸಿಗುತ್ತೆ ಅಣ್ಣಾ ಎಂದ. ಮೇದರ ಬೀದಿಯ ದಾರಿ ಹೇಳಿದೆ.

ತಿದ್ದಿದ ಡಬ್ಬಿ ತಂದಿದ್ದಾನೆ. ಆರು ನನ್ನ ಅಂಗಡಿಗೂ ತೆಗೆದುಕೊಳ್ಳಿ ಅನ್ನುತ್ತಾನೆ. ಎರಡು ಮಳೆಗಾಲ ಕಲ್ಲುಪ್ಪು ತುಂಬಿ ನೋಡಿ ಆಮೇಲೆ ದುಡ್ಡು ಕೊಡುತ್ತೇನೆ ಎಂದಿದ್ದೇನೆ. ಒಂದೇ ಮಳೆಗಾಲ ಎಂದು ಅವನು ಪಟ್ಟು ಹಿಡಿದಿದ್ದಾನೆ.